ಮೂರನೇ ಮಹಡಿಯ ನಿಂಬೆ ಗಿಡ ಹಳದಿಯಾದಾಗ

ನಮ್ಮೂರು ಇಂಡಿ ತಾಲೂಕಿನಲ್ಲಿ. ನಿಂಬೆ ದುಡ್ಡಿನಲ್ಲೇ ನಾನು ಓದಿದ್ದು, ಅಕ್ಕನ ಮದುವೆಯಾದದ್ದು. ಅಂಥ ಮನೆಯವನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಂದೇ ಒಂದು ನಿಂಬೆ ಗಿಡ ಉಳಿಸಿಕೊಳ್ಳಲು ಎರಡು ವರ್ಷ ಒದ್ದಾಡಿದೆ ಅಂದರೆ ನಗುತ್ತೀರಿ. ಊರಲ್ಲೂ ನಕ್ಕರು.

ಈ ಗಿಡ ಸತ್ತರೆ ಇನ್ನೊಂದು ತಂದರಾಯ್ತು ಅನ್ನುವಂಥದ್ದಲ್ಲ. ಬೋರು ಬತ್ತಿ, ಎರಡು ಬೇಸಿಗೆ ಟ್ಯಾಂಕರ್ ನೀರು ಹಾಕಿಸಿ ಸೋತ ಮೇಲೆ ಅಪ್ಪ ತೋಟ ತೆಗೆಸಿದರು. ತೆಗೆಸುವ ಮುಂಚೆ ಹಳೆಯ ಕಾಗ್ಜಿ ನಿಂಬೆ ಮರದ ಟೊಂಗೆಗೆ ಗೂಟಿ ಕಟ್ಟಿ, ಬೇರು ಬಿಟ್ಟ ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ತಂದುಕೊಟ್ಟರು. ಆ ಮರದ ಕುಡಿ ಅಂತ ಉಳಿದದ್ದು ಇದೊಂದೇ.

ಮೊದಲು ಅದನ್ನು ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟೆವು. ತೂತಿಲ್ಲದ ಪಿಂಗಾಣಿ ಕುಂಡ, ನೋಡಲು ಬಲು ಚೆಂದ. ತಿಂಗಳೊಳಗೆ ಎಲೆ ಉದುರತೊಡಗಿತು. ನಮ್ಮ ಕಣ್ಣಿಗೆ ಬೆಳಕು ಅನಿಸುವುದು ನಿಂಬೆಗೆ ಕತ್ತಲೆ. ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು, ಕಿಟಕಿಯಿಂದ ನಾಲ್ಕಡಿ ಒಳಗಿಟ್ಟರೂ ಸಾಲದು. ಎಲ್‌ಇಡಿ ದೀಪ ಹಾಕಿ ಬೆಳೆಸುವವರೂ ಇದ್ದಾರೆ. ಕರೆಂಟು ಬಿಲ್ಲು ನೋಡಿದರೆ ನಿಂಬೆಹಣ್ಣು ಸಂತೆಯಲ್ಲಿ ಕೊಳ್ಳುವುದೇ ಮೇಲು ಅಂತ ನನ್ನ ಅನಿಸಿಕೆ.

ಆಮೇಲೆ ಬಾಲ್ಕನಿಗೆ ಸಾಗಿಸಿದೆ. ನಮ್ಮದು ದಕ್ಷಿಣದ ಬಾಲ್ಕನಿ. ಚಳಿಗಾಲದಲ್ಲಿ ಬಿಸಿಲು ಒಳಗಿನವರೆಗೂ ಬರುತ್ತಿತ್ತು, ಗಿಡ ಚಿಗುರಿತು. ಮೇ ಬಂತು, ಬಿಸಿಲೇ ಮಾಯ! ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಹೊಲದಲ್ಲಿ ಇದನ್ನು ಯಾರು ಗಮನಿಸುತ್ತಾರೆ? ಈಗ ಆ ತಿಂಗಳುಗಳಲ್ಲಿ ಕುಂಡವನ್ನು ಟೆರೇಸಿಗೆ ಒಯ್ಯುತ್ತೇನೆ. ಎರಡು ಮೂರು ದಿನ ಅರೆನೆರಳಿನಲ್ಲಿಟ್ಟು ನಂತರ ಬಿಸಿಲಿಗೆ ಬಿಡಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ.

ನಿಜವಾದ ತಪ್ಪು ಮಾಡಿದ್ದು ನೀರಿನಲ್ಲಿ. ಎಲೆ ಹಳದಿಯಾಯಿತೆಂದು ಗಾಬರಿಯಾಗಿ ದಿನಾ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಸುರಿದೆ. ನೀರಿಲ್ಲದೆ ತೋಟ ಹೋದದ್ದು ಕಂಡವನು ನಾನು, ಕೈ ತಡೆಯಲಿಲ್ಲ. ಗಿಡ ಇನ್ನಷ್ಟು ಸೊರಗಿತು. ಫೋನಿನಲ್ಲಿ ಅಪ್ಪ ಬೈದರು: "ನೀರಡಿಕಿ ಆದ್ರ ಗಿಡಾನ ಹೇಳತೈತಿ. ಅದು ಕೇಳೂಕಿಂತ ಮೊದಲ ಹೊಯ್ದರ ಹೆಂಗೋ? ಬೇರ ನೋಡು ಮೊದಲ."

ಕುಂಡ ಬೋರಲು ಹಾಕಿ ಬೇರು ನೋಡಿದೆ. ಅರ್ಧಕ್ಕರ್ಧ ಕಂದು ತಿರುಗಿ ಕೊಳೆತ ವಾಸನೆ ಬರುತ್ತಿತ್ತು. ಕೊಳೆತದ್ದನ್ನು ಕತ್ತರಿಸಿ, ಮೇಲಿನ ಟೊಂಗೆಗಳನ್ನೂ ಮೂರನೇ ಒಂದು ಭಾಗ ಚಾಟನಿ ಮಾಡಿ, ತಳದಲ್ಲಿ ತೂತುಗಳಿರುವ ಹನ್ನೆರಡು ಇಂಚಿನ ಮಣ್ಣಿನ ಕುಂಡಕ್ಕೆ ಬದಲಿಸಿದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಊರಿನ ಅಭಿಮಾನದಿಂದ ಎರೆ ಮಣ್ಣು ತರಬೇಡಿ, ಕುಂಡದಲ್ಲಿ ಅದು ಹಸಿಯಿದ್ದಾಗ ಕೆಸರು, ಒಣಗಿದಾಗ ಇಟ್ಟಿಗೆ. ಒಮ್ಮೆಲೇ ದೊಡ್ಡ ಡ್ರಮ್ಮಿಗೂ ಹಾಕಬೇಡಿ, ಬೇರಿಲ್ಲದ ಕಡೆ ನೀರು ನಿಂತು ಮತ್ತೆ ಅದೇ ಕಥೆ. ಈಗ ಬೆರಳನ್ನು ಎರಡು ಗೆಣ್ಣು ಮಣ್ಣೊಳಗೆ ತೂರಿಸಿ, ಒಣಗಿದ್ದರೆ ಮಾತ್ರ ತಳದಿಂದ ಸೋರುವಷ್ಟು ನೀರು ಕೊಡುತ್ತೇನೆ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲುತ್ತೇನೆ.

ಗಿಡ ಚೇತರಿಸಿತು, ಆದರೆ ಹಳದಿ ಪೂರ್ತಿ ಹೋಗಲಿಲ್ಲ. ಈ ಸಲ ಹೊಸ ಚಿಗುರು ಹಳದಿ, ನರಗಳು ಮಾತ್ರ ಹಸಿರು. ಕುಂಡದ ಅಂಚಿಗೆ ಬಿಳಿ ಸುಣ್ಣದಂಥ ಪದರ ಬೇರೆ. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಅಷ್ಟು ಗಡಸು. ಅಂಥ ನೀರು ಹಾಕುತ್ತಾ ಹೋದರೆ ಮಣ್ಣು ಕ್ಷಾರವಾಗುತ್ತದೆ, ಕಬ್ಬಿಣ, ಸತು ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 'ಸಿಟ್ರಸ್ ಸ್ಪೆಷಲ್' ಅನ್ನುವ ಲಘು ಪೋಷಕಾಂಶದ ಪುಡಿ ಮಾಡಿದ್ದಾರೆ. ಪೊಟ್ಟಣದ ಮೇಲಿನ ಅಳತೆಯಂತೆ ಎಲೆಗೆ ಸಿಂಪಡಿಸಿದೆ. ಮಳೆ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಹಾಕುತ್ತೇನೆ. ಎರಡು ತಿಂಗಳಲ್ಲಿ ಚಿಗುರು ಹಸಿರಾಯಿತು. ಹಳದಿ ಅಂದಕೂಡಲೇ ಚೊಂಬು ಎತ್ತಬೇಡಿ, ಹಳೆ ಎಲೆಯೋ ಹೊಸ ಎಲೆಯೋ ನೋಡಿ.

ಹುಳಗಳ ಕಾಟ ಮೂರನೇ ಮಹಡಿಗೂ ತಪ್ಪಲಿಲ್ಲ. ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳು, ಒಂದೇ ಗಿಡವಾದರೆ ಕೈಯಿಂದ ಆರಿಸಿದರೆ ಸಾಕು. ಮಗಳು ಒಂದನ್ನು ಡಬ್ಬಿಯಲ್ಲಿ ಸಾಕಿ ಚಿಟ್ಟೆ ಮಾಡಿ ಬಿಟ್ಟಳು, ಅದು ಮತ್ತೆ ನಮ್ಮ ಗಿಡಕ್ಕೇ ಬಂದು ಮೊಟ್ಟೆಯಿಟ್ಟಿತೋ ಏನೋ! ರಂಗೋಲಿ ಹುಳುವಿಗೆ ಚಿಗುರಿನ ಹೊತ್ತಿಗೆ ಬೇವಿನೆಣ್ಣೆ ಸಿಂಪಡಿಸುತ್ತೇನೆ.

ಊರಲ್ಲಿ ಹಸ್ತ ಬಹಾರಕ್ಕೆ ನೀರು ಬಿಗಿಹಿಡಿದು ಹೂ ತರಿಸುತ್ತಾರೆ, ಹಣ್ಣು ಬೇಸಿಗೆಯ ರೇಟಿಗೆ ಸಿಗಲಿ ಅಂತ. ಆ ಹೊತ್ತಿಗೆ ಮಳೆ ಬಿದ್ದರೆ ಎಲ್ಲ ಕೆಟ್ಟಿತು. ಸೂರಿರುವ ಬಾಲ್ಕನಿಯವರಿಗೆ ಆ ಭಯವಿಲ್ಲ. ಸೆಪ್ಟೆಂಬರಿನಲ್ಲಿ ಎಲೆ ಸ್ವಲ್ಪ ಬಾಡುವವರೆಗೆ ನೀರು ತಡೆದು, ಆಮೇಲೆ ಎರೆಗೊಬ್ಬರ ಹಾಕಿ ನೀರು ಕೊಟ್ಟೆ. ಕುಂಡದಲ್ಲಿ ಬೇರಿಗೆ ಜಾಗ ಕಡಿಮೆ, ಹೊಲದಷ್ಟು ಒಣಗಿಸಿದರೆ ಗಿಡವೇ ಹೋದೀತು. ಹೂ ತುಂಬಾ ಬಂತು, ಮುಕ್ಕಾಲು ಉದುರಿತು, ಅದು ಸಹಜ. ಸೊಳ್ಳೆ ಪರದೆ ಇದ್ದುದರಿಂದ ಜೇನು ಬರುತ್ತಿರಲಿಲ್ಲ, ಮಗಳ ಪೇಂಟಿಂಗ್ ಬ್ರಷ್ಷಿನಿಂದ ಹೂವಿಂದ ಹೂವಿಗೆ ಸವರಿದೆ. ಮಾರ್ಚಿನಲ್ಲಿ ಹನ್ನೊಂದು ಹಣ್ಣು ಸಿಕ್ಕವು.

ಈ ಜೂನಿನಲ್ಲಿ ಪೆನ್ಸಿಲ್ ದಪ್ಪದ ಟೊಂಗೆಯೊಂದರಲ್ಲಿ ಒಂದಿಂಚು ತೊಗಟೆ ಉಂಗುರದಂತೆ ತೆಗೆದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಬಿಗಿದು ಗೂಟಿ ಕಟ್ಟಿದ್ದೇನೆ. ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಕಾಣುತ್ತಿದೆ. ಸ್ವಲ್ಪ ದಿನ ಕುಂಡದಲ್ಲಿ ಗಟ್ಟಿ ಮಾಡಿ ಊರಿಗೆ ಒಯ್ಯಬೇಕು. ಮನೆ ಹಿತ್ತಲಲ್ಲಿ ಗುಂಡಿ ತೋಡಿಟ್ಟಾಗಿದೆ ಅಂತ ಅಪ್ಪ ಮೊನ್ನೆಯೇ ಫೋನ್ ಮಾಡಿದ್ದರು.