ಗೆರೆಗೆ ಕೂರದ ಚುಕ್ಕಿ

ಕೋಟದ ಪೇಟೆಯಲ್ಲಿ ಬಂಗುಡೆ ಕೊಳ್ಳಲು ಹೋದವರು ಮೀನಿನ ಕಣ್ಣು ನೋಡುತ್ತಾರೆ, ಕಿವಿರು ಎತ್ತಿ ನೋಡುತ್ತಾರೆ. ಸ್ಪ್ರಿಂಗ್ ತಕ್ಕಡಿಯ ಮುಳ್ಳನ್ನು ನೋಡುವವರು ಕಡಿಮೆ. ಮೀನು ಹಾಕುವ ಮೊದಲೇ ಅದು 100 ಗ್ರಾಮಿನಲ್ಲಿ ನಿಂತಿದ್ದರೆ? ಪ್ರತಿ ಸಲ ತೂಗುವಾಗಲೂ ಗಿರಾಕಿಗೆ ಅಷ್ಟು ಮೀನು ಖೋತಾ. ಮಾರುವಾಕೆಯನ್ನು ದೂರುವ ಮೊದಲು ಸ್ಪ್ರಿಂಗನ್ನು ವಿಚಾರಿಸುವುದು ಒಳ್ಳೆಯದು.

ವಿಚಾರಿಸುವ ಬಗೆ ಪಿ.ಯು. ಮಕ್ಕಳಿಗೆ ಗೊತ್ತು. ಸ್ಟ್ಯಾಂಡಿಗೆ ಒಂದು ಸ್ಪ್ರಿಂಗ್, ಅದರ ಕೊಕ್ಕೆಗೆ ತೂಕದ ಬಿಲ್ಲೆಗಳು, ಪಕ್ಕದಲ್ಲೊಂದು ಸ್ಕೇಲು. 50 ಗ್ರಾಂ ತೂಗಹಾಕಿದಾಗ 2 ಸೆಂ.ಮೀ. ಇಳಿಯಿತೆನ್ನಿ, 100 ಗ್ರಾಮಿಗೆ 4, 150ಕ್ಕೆ 6. ಗ್ರಾಫ್ ಕಾಗದದ ಮೇಲೆ ಚುಕ್ಕಿಗಳೆಲ್ಲ ಒಂದೇ ನೇರ ಗೆರೆಯಲ್ಲಿ ಕೂರುತ್ತವೆ. ಎಳೆತ ಇಮ್ಮಡಿಯಾದರೆ ಹಿಗ್ಗುವುದೂ ಇಮ್ಮಡಿ. ತಕ್ಕಡಿಯ ಮೇಲೆ ಸಮದೂರಕ್ಕೆ ಗೆರೆ ಎಳೆಯಲು ಇದೇ ಆಧಾರ.

ಇದನ್ನು ಕಂಡವನು ಇಂಗ್ಲೆಂಡಿನ ರಾಬರ್ಟ್ ಹುಕ್. ಶೋಧದ ಹಕ್ಕೂ ಉಳಿಯಬೇಕು, ಗುಟ್ಟೂ ಬಯಲಾಗಬಾರದು ಎಂದು 1676ರಲ್ಲಿ ಅದನ್ನು ಲ್ಯಾಟಿನ್ ಅಕ್ಷರಗಳ ಒಗಟಾಗಿ ಅಚ್ಚು ಹಾಕಿಸಿದ. ಬಿಡಿಸಿ ಹೇಳಿದ್ದು 1678ರಲ್ಲಿ.

ನಮ್ಮ ಪ್ರಯೋಗಾಲಯಗಳಲ್ಲಿ ಇನ್ನೊಂದು ಬಗೆಯ ಮುಚ್ಚುಮರೆ ಉಂಟು. ಭಾರ ಹೇರುತ್ತ ಹೋದರೆ ಕೊನೆಗೊಂದು ಚುಕ್ಕಿ ಗೆರೆ ಬಿಟ್ಟು ಹೊರಗೆ ಬೀಳುತ್ತದೆ. ಅಂಕ ಹೋದೀತೆಂದು ಹೆದರಿದ ಹುಡುಗ ಅದನ್ನು ರಬ್ಬರಿನಿಂದ ಉಜ್ಜುತ್ತಾನೆ. ಪಕ್ಕದವನ ರೆಕಾರ್ಡು ನೋಡಿ 'ಸರಿಯಾದ' ಅಂಕಿ ಬರೆಯುತ್ತಾನೆ. ಅಳತೆ ತಪ್ಪಿದ್ದರೆ ಮತ್ತೊಮ್ಮೆ ಅಳೆದಾಗ ತಿಳಿದೀತು. ಮತ್ತೂ ಅಲ್ಲೇ ಬಿದ್ದರೆ ಆ ಚುಕ್ಕಿಯ ಮಾತು ಕೇಳಬೇಕು. ಭಾರ ತೆಗೆದ ಮೇಲೂ ಸ್ಪ್ರಿಂಗ್ ಮೊದಲಿನ ಉದ್ದಕ್ಕೆ ಮರಳದಿದ್ದರೆ ಅದು ಸ್ಥಿತಿಸ್ಥಾಪಕತ್ವದ ಮಿತಿ ದಾಟಿದೆ ಎಂದರ್ಥ. ಬಾಲ್‌ಪೆನ್ನಿನ ಸ್ಪ್ರಿಂಗನ್ನು ಜಗ್ಗಿ ಕೆಡಿಸಿದವರಿಗೆಲ್ಲ ಇದರ ಅನುಭವ ಇದ್ದೀತು. ತಾಳಿಕೆಗೆ ಮೀರಿದ ಬುಟ್ಟಿ ಹೊತ್ತ ತಕ್ಕಡಿಯ ಮುಳ್ಳು ಸೊನ್ನೆಗೆ ಮರಳದಿರುವುದೂ ಹೀಗೆಯೇ. ಹುಡುಗ ಉಜ್ಜಿ ಹಾಕಿದ್ದು ಮೀನುಪೇಟೆಗೆ ಬೇಕಾದ ಪಾಠವನ್ನೇ!

ಇದೇ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳನ್ನು ಬರೆದು ಲೋಕದ ತಿಳಿವನ್ನು ಕನ್ನಡದಲ್ಲೇ ಮಕ್ಕಳ, ದೊಡ್ಡವರ ಕೈಗಿತ್ತರು. ಅವರ ಊರಿನ ಮಕ್ಕಳು ಕಂಡದ್ದನ್ನು ಕಂಡಂತೆ ಬರೆಯಲು ಅಂಜಬೇಕೆ? ಗೆರೆ ತಪ್ಪಿದ ಚುಕ್ಕಿಗೂ ಅಂಕ ಉಂಟೆಂದು ಮೇಷ್ಟ್ರು ಮೊದಲೇ ಹೇಳಿಬಿಟ್ಟರೆ ಅರ್ಧ ಅಂಜಿಕೆ ಹೋದೀತು.

ಈಗ ಅನೇಕ ಕಡೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ಆದರೂ ಎಲ್ಲಾದರೂ ಸ್ಪ್ರಿಂಗ್ ತಕ್ಕಡಿ ಕಂಡರೆ, ಬರಿದಾಗಿರುವಾಗ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಇಲ್ಲವಾದರೆ ಜಗಳ ಬೇಡ, ಮೆಲ್ಲಗೆ ತೋರಿಸಿ. ಆಕೆಗೂ ಗೊತ್ತಿಲ್ಲದಿರಬಹುದು.