ಬೇಸಾಯಕ್ಕೆ 90 ದಿನದ ಪೆರೋಲ್

ಕನಕಪುರ ತಾಲ್ಲೂಕಿನ, ಕೊಲೆ ಪ್ರಕರಣದ ಜೀವಾವಧಿ ಕೈದಿಯೊಬ್ಬರು ಹೊಲದ ಕೆಲಸಕ್ಕೆ ರಜೆ ಬೇಕೆಂದು 2024ರಲ್ಲಿ ಹೈಕೋರ್ಟ್ ಮೆಟ್ಟಿಲೇರಿದರು. ಮನೆಯಲ್ಲಿ ಬೇಸಾಯ ನೋಡಿಕೊಳ್ಳಲು ಬೇರೆ ಗಂಡಸರಿಲ್ಲ ಎಂಬುದು ಅವರ ಅಳಲು. ಪೊಲೀಸ್ ವರದಿ ಅನುಕೂಲವಾಗಿಲ್ಲವೆಂದು ಜೈಲಿನ ಅಧಿಕಾರಿಗಳು ಅರ್ಜಿ ತಿರಸ್ಕರಿಸಿದ್ದರು. 11 ವರ್ಷ ಒಳಗಿದ್ದರೂ ಒಮ್ಮೆಯೂ ಪೆರೋಲ್ ಸಿಗದಿದ್ದುದನ್ನು ಗಮನಿಸಿದ ನ್ಯಾಯಮೂರ್ತಿ ಹೇಮಂತ್ ಚಂದನಗೌಡರ್ 90 ದಿನ ಮಂಜೂರು ಮಾಡಿದರು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಯಾವ ಅಪರಾಧಕ್ಕೂ ಕೈಹಾಕಬಾರದು ಎಂಬ ಷರತ್ತು ಜೊತೆಗಿತ್ತು.

ಪೆರೋಲ್ ಅಂದರೆ ಜಾಮೀನು ಎಂದೇ ಬಹಳ ಜನ ತಿಳಿದಿದ್ದಾರೆ. ಜಾಮೀನು ಸಾಮಾನ್ಯವಾಗಿ ವಿಚಾರಣೆ ಮುಗಿಯದವರಿಗೆ. ಪೆರೋಲ್ ತೀರ್ಪಾಗಿ ಶಿಕ್ಷೆ ಅನುಭವಿಸುತ್ತಿರುವವರಿಗೆ. ತಂದೆತಾಯಿಯ ಸಾವು, ಕಾಯಿಲೆ, ಮಕ್ಕಳ ಮದುವೆಯಂಥ ಕಾರಣಗಳು ಮಾಮೂಲು. 2023ರಲ್ಲಿ ಕೈದಿಯೊಬ್ಬರ ಸ್ವಂತ ಮದುವೆಗೇ ಇದೇ ಹೈಕೋರ್ಟ್ 15 ದಿನ ಕೊಟ್ಟಿತ್ತು.

ಬೇಸಾಯಕ್ಕೆ ಮಾತ್ರ ನಾಲ್ಕಾರು ದಿನ ಸಾಲದು. ಕನಕಪುರದ ಸೀಮೆಯಲ್ಲಿ ಮಳೆಗಾಲದ ರಾಗಿ ವರ್ಷದ ಕೊನೆಗೆ ಕೊಯ್ಲಿಗೆ ಬರುತ್ತದೆ. ಕೊಯ್ದು, ಒಣಗಿಸಿ, ಮೆದೆ ಹಾಕಿ, ಕಣ ಮಾಡಿ, ತೂರಿ, ಮನೆ ತುಂಬಿಸಿಕೊಳ್ಳುವವರೆಗೆ ಆಳು ಬೇಕು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರ ಪಾಡು ಇನ್ನೂ ಬಿಗಿ. ಹುಳು ಹಣ್ಣಾಗುವ ಹೊತ್ತಿಗೆ ರಾತ್ರಿಯೂ ಸೊಪ್ಪು ಹಾಕಬೇಕು. ಹಣ್ಣಾದದ್ದನ್ನು ಆರಿಸಿ ತಡಮಾಡದೆ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯಬೇಕು. ಒಂದು ಬೆಳೆಗೆ ಹತ್ತಿರಹತ್ತಿರ ಒಂದು ತಿಂಗಳು. ಹನ್ನೊಂದು ವರ್ಷ ಈ ದುಡಿಮೆಯಿಂದ ದೂರ ಉಳಿದವರು ಮತ್ತೆ ಇದಕ್ಕೆ ಕೈಹಚ್ಚುವುದಕ್ಕಿಂತ ದೊಡ್ಡ ಪುನರ್ವಸತಿ ಯೋಜನೆ ನನಗಂತೂ ಕಾಣುವುದಿಲ್ಲ.

ಆದರೆ ಅದೇ ಊರಲ್ಲೋ ಪಕ್ಕದ ಊರಲ್ಲೋ ಕೊಲೆಯಾದವರ ಮನೆಯೂ ಇರಬಹುದು. ಅವರ ಭಯಕ್ಕೆ ಬೆಲೆ ಕೊಡದ ಪೆರೋಲ್ ನ್ಯಾಯವಲ್ಲ. ಸುಪ್ರೀಂ ಕೋರ್ಟ್ 2017ರ ಅಶ್ಫಾಕ್ ಪ್ರಕರಣದಲ್ಲಿ ಎರಡೂ ಕಡೆ ತೂಗಿತು: ಕೈದಿಗೂ ಹೊರಗಿನ ಗಾಳಿ, ಮನೆಯವರ ಒಡನಾಟ ಬೇಕು, ಮತ್ತೆ ಅಪರಾಧ ಮಾಡುವ ಸಂಭವವಿರುವವರಿಂದ ಸಮಾಜಕ್ಕೂ ರಕ್ಷಣೆ ಬೇಕು. ಅಪರಾಧ ಗಂಭೀರವೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಬಾರದೆಂದೂ ಹೇಳಿತು.

ಹೀಗಿರುವಾಗ ಎಲ್ಲ ಭಾರ ಠಾಣೆಯ ವರದಿಯ ಮೇಲೆ ಬೀಳುತ್ತದೆ. ಶಾಂತಿಭಂಗವಾಗಬಹುದು ಎಂದು ಒಂದು ಸಾಲು ಗೀಚಿ ಕಳಿಸುವುದು ಸುಲಭ. ಯಾರಿಂದ, ಯಾರಿಗೆ, ಯಾಕೆ ಎಂದು ಊರಿಗೆ ಹೋಗಿ, ನೊಂದ ಮನೆಯವರನ್ನೂ ಮಾತಾಡಿಸಿ ಬರೆದರೆ ಷರತ್ತುಗಳು ತಾವಾಗಿಯೇ ಹೊಳೆಯುತ್ತವೆ: ಇಂಥ ಊರಿಗೆ ಕಾಲಿಡಬಾರದು, ಇಂಥ ಜಾತ್ರೆಗೆ ಬರಬಾರದು, ಇಂಥವರು ಹೊಣೆ. ಕೇಂದ್ರ ಸರ್ಕಾರದ 2023ರ ಮಾದರಿ ಕಾರಾಗೃಹ ಕಾಯ್ದೆಯಲ್ಲಿ, ಒಪ್ಪಿದ ಕೈದಿಗೆ ಎಲೆಕ್ಟ್ರಾನಿಕ್ ಟ್ರ್ಯಾಕರ್ ತೊಡಿಸಿ ರಜೆ ಕೊಡುವ ಅವಕಾಶವೂ ಇದೆ. ಹಳ್ಳಿಯ ಮಟ್ಟಿಗೆ ಬೀಟ್ ಪೊಲೀಸರ ಪರಿಚಯವನ್ನೇ ನಾನು ಹೆಚ್ಚು ನಂಬುತ್ತೇನೆ.

ರಜೆಯಾದರೂ ಪುಕ್ಕಟೆಯಲ್ಲ. ಜೀವಾವಧಿ ಕೈದಿಯ ಅವಧಿಪೂರ್ವ ಬಿಡುಗಡೆಗೆ ಬೇಕಾದ 14 ವರ್ಷದ ಲೆಕ್ಕ ಹಾಕುವಾಗ ಪೆರೋಲಿನ ದಿನಗಳನ್ನು ಬಿಟ್ಟೇ ಎಣಿಸಬೇಕೆಂದು ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಆ ಲೆಕ್ಕದಲ್ಲಿ, ಹೊಲದಲ್ಲಿ ದುಡಿದ 90 ದಿನವನ್ನು ಕೈದಿ ಮತ್ತೆ ಒಳಗೇ ಕಳೆದು ತೀರಿಸಬೇಕು.