ಕಲೆ ನಿಜಕ್ಕೂ ಹೋಯಿತೇ? ಸೋಪಿನ ಪುಡಿಗೊಂದು ಪರೀಕ್ಷೆ

ಟೀವಿ ಜಾಹೀರಾತಿನಲ್ಲಿ ಹುಡುಗನ ಅಂಗಿ ತುಂಬ ಕೆಸರು. ಬಕೆಟಿನಲ್ಲಿ ಒಮ್ಮೆ ಮುಳುಗಿಸಿ ತೆಗೆದರೆ ಸಾಕು, ಹಾಲಿನಂತೆ ಬಿಳಿ! ನಮ್ಮ ಮನೆಯಲ್ಲಿ ಹಾಗಾಗುವುದಿಲ್ಲ, ಅಲ್ವಾ? ಪುಡಿ ಚೆನ್ನಾಗಿಲ್ಲವೋ, ಕಲೆಯೇ ಗಟ್ಟಿಯೋ, ಬಾವಿ ನೀರಿನ ಗುಣವೋ? ಪರೀಕ್ಷೆ ಮಾಡಿ ನೋಡೋಣ.

ಹಳೆಯ ಬಿಳಿ ಹತ್ತಿಯ ಪಂಚೆಯೊಂದನ್ನು ಮನೆಯವರನ್ನು ಕೇಳಿ ತೆಗೆದುಕೊಳ್ಳಿ. (ಕೇಳದೆ ಕತ್ತರಿಸಿದರೆ ಪ್ರಯೋಗ ಅಲ್ಲಿಗೇ ಮುಗಿದೀತು!) ಅದರಿಂದ ಅಂಗೈಯಗಲದ 16 ತುಂಡು ಮಾಡಿ. ನಾಲ್ಕಕ್ಕೆ ಅರಸಿನ ಕಲಸಿದ ನೀರು, ನಾಲ್ಕಕ್ಕೆ ಚಹಾದ ಕಷಾಯ, ನಾಲ್ಕಕ್ಕೆ ಬಾಳೆಕಾಯಿ ಸೊನೆ, ಉಳಿದ ನಾಲ್ಕಕ್ಕೆ ದೀಪದ ಮಸಿ ಬೆರೆಸಿದ ತೆಂಗಿನೆಣ್ಣೆ. ಪ್ರತಿಯೊಂದಕ್ಕೂ ಹತ್ತೇ ಹನಿ, ಹೆಚ್ಚು ಕಡಿಮೆ ಬೇಡ. ರಾತ್ರಿಯಿಡೀ ಒಣಗಲಿ.

ಈಗ ಮೂರು ಪಾತ್ರೆಗಳಲ್ಲಿ ಅರ್ಧರ್ಧ ಲೀಟರ್ ನೀರು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಒಂದು ಚಮಚ ಸೋಪಿನ ಪುಡಿ, ಮೂರನೆಯದರಲ್ಲಿ ಅಂಟುವಾಳ ಕಾಯಿಯ ಸಿಪ್ಪೆ ನೆನೆಹಾಕಿದ ನೀರು. ಒಂದು ಬಗೆಯ ಕಲೆಯ ಮೂರು ತುಂಡುಗಳನ್ನು ಒಂದೊಂದು ಪಾತ್ರೆಗೆ ಹಾಕಿ, 30 ನಿಮಿಷ ಬಿಟ್ಟು, 20 ಸಲ ಉಜ್ಜಿ, ಜಾಲಿಸಿ ನೆರಳಿನಲ್ಲಿ ಒಣಗಿಸಿ. ನಾಲ್ಕನೆಯ ತುಂಡು ಒಗೆಯದೆ ಹಾಗೇ ಇರಲಿ, ಹೋಲಿಸುವುದಕ್ಕೆ. ಮುಂದಿನ ಕಲೆಗೆ ಹೊಸ ನೀರು ತೆಗೆದುಕೊಳ್ಳಿ. ಇಲ್ಲವಾದರೆ ಅರಸಿನ ಎಲ್ಲದಕ್ಕೂ ಹತ್ತಿಬಿಡುತ್ತದೆ.

ಬರೀ ನೀರಿನ ಪಾತ್ರೆ ಯಾಕೆ ಅಂತೀರಾ? ಉಜ್ಜಿದ್ದರಿಂದಲೇ ಕಲೆ ಎಷ್ಟು ಹೋಯಿತು ಎಂದು ಗೊತ್ತಾಗದೆ, ಪುಡಿಯಿಂದ ಎಷ್ಟು ಹೋಯಿತೆಂದು ಹೇಳಲು ಬರುವುದಿಲ್ಲ. ಅಂಕ ಕೊಡುವ ಕೆಲಸವನ್ನು ನೀವು ಮಾಡಬೇಡಿ. ಯಾವುದು ಯಾವ ಪಾತ್ರೆಯದೆಂದು ತಿಳಿಯದ ಗೆಳೆಯನಿಗೆ ಒಪ್ಪಿಸಿ. ಗುರುತಿಗೆ ಮೂಲೆಯಲ್ಲಿ ದಾರ ಪೋಣಿಸಿ ಒಂದು, ಎರಡು, ಮೂರು ಗಂಟು ಹಾಕಿದರಾಯಿತು. ಒಗೆಯದ ತುಂಡಿನಷ್ಟೇ ಕಲೆ ಉಳಿದಿದ್ದರೆ 5, ಪೂರ್ತಿ ಹೋಗಿದ್ದರೆ 0.

ಎಣ್ಣೆಯ ಕಲೆಯಲ್ಲಿ ಪುಡಿಯ ಶಕ್ತಿ ಚೆನ್ನಾಗಿ ಕಾಣುತ್ತದೆ. ಅದರ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ಎಣ್ಣೆಯನ್ನು ಬಯಸುವ ಒಂದು ಬಾಲ. ಬಾಲಗಳೆಲ್ಲ ಎಣ್ಣೆಗೆ ಚುಚ್ಚಿಕೊಂಡು, ತಲೆಗಳು ಹೊರಗೆ ನಿಂತು, ಎಣ್ಣೆಯನ್ನು ಸಣ್ಣ ಉಂಡೆಗಳಾಗಿ ಎಬ್ಬಿಸಿ ನೀರಿಗೆ ಒಯ್ಯುತ್ತವೆ. ಮಸಿಯೂ ಜೊತೆಗೇ ಹೋಗುತ್ತದೆ. ಅಂಟುವಾಳದಲ್ಲಿರುವ ಸಾಪೋನಿನ್ ಕೂಡ ಇದೇ ಜಾತಿಯ ಕೆಲಸಗಾರ.

ಅರಸಿನದ ತುಂಡು ನೋಡಿ, ಪುಡಿಯ ನೀರಿಗೆ ಬಿದ್ದೊಡನೆ ಕೆಂಪು! ಕಲೆ ಹೆಚ್ಚಾಯಿತೆಂದು ಗಾಬರಿ ಬೇಡ. ಪುಡಿಯಲ್ಲಿ ಸಾಮಾನ್ಯವಾಗಿ ವಾಷಿಂಗ್ ಸೋಡಾ ಇರುತ್ತದೆ, ಅದು ಕ್ಷಾರ. ಅರಸಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ. ಒಂದು ಹನಿ ಲಿಂಬೆರಸ ಬಿಟ್ಟರೆ ಮತ್ತೆ ಹಳದಿ. ಅಂಟುವಾಳದ ನೀರು ಸ್ವಲ್ಪ ಆಮ್ಲೀಯ, ಹಾಗಾಗಿ ಅಲ್ಲಿ ಕೆಂಪು ಬರುವುದಿಲ್ಲ. ಪುಡಿಗೆ ಬಗ್ಗದ ಈ ಹಳದಿ ಬಿಸಿಲಿಗೆ ಬಗ್ಗುತ್ತದೆ. ತುಂಡಿನ ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿ ಬಿಸಿಲಿಗಿಡಿ, ಸಂಜೆಗೆ ವ್ಯತ್ಯಾಸ ಹೇಳಿ. ಮೊದಲು ನೆರಳಿನಲ್ಲಿ ಒಣಗಿಸಲು ಹೇಳಿದ್ದು ಇದಕ್ಕೇ.

ಚಹಾದಲ್ಲಿರುವುದು ಟ್ಯಾನಿನ್. ನಿಮ್ಮ ಬಾವಿ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಆ ಕಲೆ ಇನ್ನೂ ಕಪ್ಪಾದೀತು. ಬಾಳೆಯ ಸೊನೆಯಂತೂ ಗಾಳಿಗೆ ಕಂದಾಗಿ ಬಟ್ಟೆಗೆ ಅಂಟಿಕೊಂಡುಬಿಡುತ್ತದೆ. ತೋಟಕ್ಕೆ ಹೋಗುವವರ ಅಂಗಿಯೇ ಸಾಕ್ಷಿ.

ಇನ್ನೊಂದು ಮೋಸವನ್ನೂ ಗಮನಿಸಿ. ಹಲವು ಪುಡಿಗಳಲ್ಲಿ ಹೊಳಪುಕಾರಕ ಇರುತ್ತದೆ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕನ್ನು ಬಿಡುತ್ತದೆ. ಬಟ್ಟೆ ಬೆಳ್ಳಗೆ ಕಾಣುತ್ತದೆ, ಆದರೆ ಕಲೆ ಹೋಗಿದೆ ಎಂದೇನಲ್ಲ. ಆದ್ದರಿಂದ ಗೆಳೆಯ ಬಟ್ಟೆಯ ಬಿಳುಪನ್ನಲ್ಲ, ಕಲೆಯನ್ನೇ ನೋಡಿ ಅಂಕ ಕೊಡಲಿ.

ಒಂದು ಸಲದ ಫಲಿತಾಂಶ ನಂಬಬೇಡಿ, ಮೂರು ಸಲ ಮಾಡಿ. ಆಮೇಲೆ ಅಗ್ಗದ ಒಂದು ಪುಡಿ, ದುಬಾರಿ ಒಂದು ಪುಡಿ ತೂಕ ಮಾಡಿ ಹೋಲಿಸಿ. ಒಂದು ಚಮಚಕ್ಕೆ ಎಷ್ಟು ಪೈಸೆ ಬಿತ್ತೆಂದು ಲೆಕ್ಕ ಹಾಕಿ, ಅಂಕದ ಪಕ್ಕದಲ್ಲೇ ಬರೆದು ಮನೆಯಲ್ಲಿ ತೋರಿಸಿ.